ಗುಪ್ತನಾಮದ ಅಂಕಣ ಯಾರದು? ಎಣಿಕೆಯಿಂದ ಕರ್ತೃವನ್ನು ಹುಡುಕಿದ ಒಂದು ಪ್ರಕರಣ

ಹಿನ್ನೆಲೆ

ಅರ್ಧ ಶತಮಾನಕ್ಕೂ ಹಿಂದೆ ನಿಂತುಹೋದ ಕನ್ನಡ ಮಾಸಪತ್ರಿಕೆಯೊಂದರಲ್ಲಿ ಹಲವು ವರ್ಷಗಳ ಕಾಲ ಗುಪ್ತನಾಮದ ಅಂಕಣವೊಂದು ಪ್ರಕಟವಾಗುತ್ತಿತ್ತು. ಎರಡು ಪುಟ ಮೀರದ ಬರಹ. ಒಮ್ಮೆ ಹೊಸ ಪುಸ್ತಕದ ಬಗ್ಗೆ, ಒಮ್ಮೆ ಯಾವುದೋ ಸಭೆಯ ಭಾಷಣದ ಬಗ್ಗೆ, ಒಮ್ಮೆ ಇಂಥದ್ದೇ ಎಂದು ಹೇಳಲಾಗದ ವಿಷಯದ ಬಗ್ಗೆ. ಓದುಗರಿಗೆ ಅದು ಇಷ್ಟವಾಗಿತ್ತು. ಬರೆಯುವವರು ಯಾರೆಂದು ಪತ್ರಿಕೆ ಕೊನೆಯವರೆಗೂ ಹೇಳಲಿಲ್ಲ.

ಹೆಸರಾಂತ ಲೇಖಕರೊಬ್ಬರ ಸಮಗ್ರ ಬರಹಗಳನ್ನು ಸಂಪುಟಗಳಾಗಿ ತರುವ ಕೆಲಸ ಶುರುವಾದಾಗ ಆ ಪ್ರಶ್ನೆ ಮತ್ತೆ ಎದ್ದಿತು. ಅವರನ್ನು ಇಲ್ಲಿ ‘ಕ’ ಎನ್ನೋಣ. ಅಂಕಣ ಅವರದೇ ಎಂದು ಹಿರಿಯ ವಿಮರ್ಶಕರೊಬ್ಬರು ಬಹಳ ಹಿಂದೆಯೇ ಬರೆದಿದ್ದರು. ಆಮೇಲೆ ಬಂದವರು ಅದನ್ನೇ ಎತ್ತಿ ಬರೆದು ಕಡೆಗೆ ಅದು ಯಾರೂ ಪ್ರಶ್ನಿಸದ ಸಂಗತಿಯಾಗಿ ನಿಂತಿತ್ತು. ಆದರೆ ಅದೇ ಪತ್ರಿಕೆಯಲ್ಲಿ ಸಹಾಯಕ ಸಂಪಾದಕರಾಗಿದ್ದವರೊಬ್ಬರ ಮನೆಯವರು, ಅಂಕಣವನ್ನು ತಮ್ಮ ತಂದೆಯೇ ಬರೆಯುತ್ತಿದ್ದರೆಂದು ಸಂಪುಟದ ಸಂಪಾದಕರಿಗೆ ಪತ್ರ ಬರೆದರು. ಈ ತಂದೆ ‘ಚ’. ಮೂರನೆಯ ಹೆಸರೂ ಒಂದಿತ್ತು, ‘ತ’. ಅವರು ಕಥೆಗಾರರು, ಆ ಪತ್ರಿಕೆಯ ಬಳಗದವರು.

ಹೆಸರು, ಪತ್ರಿಕೆ, ವರ್ಷ ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಪಠ್ಯಗಳ ಗಾತ್ರದ ಅಂಕಿಗಳನ್ನು ಗುರುತು ಸಿಗದ ಹಾಗೆ ತುಸು ಬದಲಿಸಿ, ದುಂಡಗೆ ಮಾಡಿ ಕೊಟ್ಟಿದ್ದೇನೆ. ತೀರ್ಮಾನಗಳು ಯಾವ ಕ್ರಮದಲ್ಲಿ, ಯಾವ ಕಾರಣಕ್ಕೆ ಆದವು ಎಂಬುದು ಮಾತ್ರ ನಡೆದಂತೆಯೇ ಇದೆ. ಎಣಿಕೆಯ ಕೆಲಸ ಮಾಡಿದವರು ಒಬ್ಬ ಯುವ ಸಂಶೋಧಕಿ. ಅವರಿಗೆ ಸಂಖ್ಯಾಶಾಸ್ತ್ರವೂ ಗೊತ್ತು, ಹಳೆಯ ಪತ್ರಿಕೆಗಳ ಧೂಳೂ ಗೊತ್ತು. ಅವರ ಲೆಕ್ಕಗಳನ್ನು ಹೊರಗಿನಿಂದ ಪರಿಶೀಲಿಸಲು ಕರೆಸಿಕೊಂಡವನು ನಾನು.

ಅಂಕಣದ ಕಂತುಗಳು ಸುಮಾರು ತೊಂಬತ್ತು, ಪ್ರತಿಯೊಂದರಲ್ಲೂ ಆರುನೂರರಿಂದ ಏಳುನೂರು ಪದ. ‘ಕ’ ಅವರ ಸಹಿಯಿರುವ ಪ್ರಬಂಧಗಳು ಧಾರಾಳವಾಗಿ ಇದ್ದವು. ‘ಚ’ ಅವರದು ಒಂದು ಪ್ರಬಂಧ ಸಂಕಲನ, ಪತ್ರಿಕೆಯಲ್ಲಿ ಚದುರಿದ ಕೆಲವು ಲೇಖನಗಳು. ‘ತ’ ಬರೆದದ್ದೆಲ್ಲ ಕಥೆ. ಕಥೆಯ ಅರ್ಧ ಭಾಗ ಸಂಭಾಷಣೆ. ಅದನ್ನು ಪ್ರಬಂಧದ ಜೊತೆ ಹೋಲಿಸಿದರೆ ಕಾಣುವುದು ಪ್ರಕಾರದ ವ್ಯತ್ಯಾಸವೇ ಹೊರತು ಬರೆದವರ ವ್ಯತ್ಯಾಸವಲ್ಲ. ಹಾಗಾಗಿ ಸಂಶೋಧಕಿ ಮೊದಲ ವಾರದಲ್ಲೇ ‘ತ’ ಅವರನ್ನು ಪರೀಕ್ಷೆಯಿಂದ ಹೊರಗಿಟ್ಟರು. ವರದಿಯಲ್ಲಿ ‘ತ ಅಲ್ಲ’ ಎಂದು ಬರೆಯದೆ ‘ತ ಅವರನ್ನು ಪರೀಕ್ಷಿಸಲು ಆಗುವುದಿಲ್ಲ’ ಎಂದು ಬರೆದರು. ಇವೆರಡರ ನಡುವಿನ ಅಂತರವನ್ನು ಮೊದಲ ದಿನವೇ ಕಾಯ್ದುಕೊಂಡದ್ದರಿಂದ ಮುಂದೆ ಬಹಳ ತೊಂದರೆ ತಪ್ಪಿತು.

ಕೇಳಿದ ಪ್ರಶ್ನೆ

ಸಂಪುಟದ ಸಂಪಾದಕರ ಪ್ರಶ್ನೆ ಸರಳವಾಗಿತ್ತು: ‘ಅಂಕಣ ಕ ಅವರದೋ ಅಲ್ಲವೋ ಹೇಳಿ, ಪುಟ ಕಟ್ಟುವವರು ಕಾಯುತ್ತಿದ್ದಾರೆ.’ ಹೌದು ಅಥವಾ ಇಲ್ಲ ಎಂಬ ಉತ್ತರ ಬೇಕಿತ್ತು. ಈ ಪ್ರಶ್ನೆಯೊಳಗೆ ಯಾರೂ ಗಮನಿಸದ ಒಂದು ಊಹೆ ಅಡಗಿತ್ತು. ತೊಂಬತ್ತು ಕಂತುಗಳಿಗೂ ಒಬ್ಬರೇ ಕರ್ತೃ ಎಂಬುದು ಆ ಊಹೆ. ಗುಪ್ತನಾಮ ಒಂದೇ ಆದ ಮಾತ್ರಕ್ಕೆ ಕೈಯೂ ಒಂದೇ ಆಗಬೇಕಿಲ್ಲ. ಆದರೆ ಆ ಹೊತ್ತಿನಲ್ಲಿ ಆ ಕಡೆ ಯಾರ ಗಮನವೂ ಹೋಗಲಿಲ್ಲ.

ಮೊದಲ ಎಣಿಕೆಗಳು

ಬರವಣಿಗೆಯ ಉದ್ದಗಲ ಅಳೆದು ಬರೆದವರನ್ನು ಗುರುತಿಸುವ ಆಸೆ ಹಳೆಯದು. 1851ರಲ್ಲಿ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್ ಒಂದು ಪತ್ರದಲ್ಲಿ, ಪದಗಳ ಸರಾಸರಿ ಉದ್ದದಿಂದ ಲೇಖಕರನ್ನು ಬೇರ್ಪಡಿಸಬಹುದೇನೋ ಎಂದು ಸೂಚಿಸಿದ್ದರು. 1887ರಲ್ಲಿ ಥಾಮಸ್ ಮೆಂಡನ್‌ಹಾಲ್ ಆ ಸೂಚನೆಯನ್ನು ಕೈಗೆತ್ತಿಕೊಂಡು ಪದಗಳ ಉದ್ದವನ್ನು ಎಣಿಸಿ, ಪ್ರತಿ ಲೇಖಕನಿಗೂ ಒಂದು ವಕ್ರರೇಖೆ ಬರೆದರು. ಸಂಶೋಧಕಿಯೂ ಅಲ್ಲಿಂದಲೇ ಆರಂಭಿಸಿದರು.

ಕನ್ನಡದಲ್ಲಿ ಈ ಅಳತೆ ಮೊದಲ ಹೆಜ್ಜೆಯಲ್ಲೇ ತೊಡಕಿಗೆ ಬೀಳುತ್ತದೆ. ಪದದ ಉದ್ದವನ್ನು ಯಾವುದರಲ್ಲಿ ಅಳೆಯುವುದು? ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಸಂಕೇತಗಳಾಗಿ ಇಡುವ ಯೂನಿಕೋಡ್ ಕಡತದಲ್ಲಿ ಅದು ಆರು ಸಂಕೇತ. ಅಕ್ಷರ ಎಣಿಸಿದರೆ ಒಂದು ಚಿತ್ರ, ಸಂಕೇತ ಎಣಿಸಿದರೆ ಇನ್ನೊಂದು. ಸಂಸ್ಕೃತ ಪದಗಳನ್ನು ಹೆಚ್ಚು ಬಳಸುವವರ ಒತ್ತಕ್ಷರಗಳು ಎರಡನೆಯ ಲೆಕ್ಕದಲ್ಲಿ ಸುಮ್ಮನೆ ಉಬ್ಬುತ್ತವೆ. ಇನ್ನು ಪದ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆ. ‘ಹೋಗಬೇಕಾಗಿದ್ದುದರಿಂದ’ ಎಂದು ಒಬ್ಬರು ಒಂದೇ ಉಸಿರಿಗೆ ಬರೆದರೆ ಇನ್ನೊಬ್ಬರು ‘ಹೋಗಬೇಕಾಗಿ ಇದ್ದುದರಿಂದ’ ಎಂದು ಬಿಡಿಸುತ್ತಾರೆ. ಬಿಡಿಸಿದವರು ಲೇಖಕರೋ, ಮೊಳೆ ಜೋಡಿಸಿದವರೋ, ಸಾಲಿನ ಕೊನೆಗೆ ಜಾಗ ಸಾಲದೆ ಹಾಗಾಯಿತೋ, ಪುಟ ನೋಡಿ ಹೇಳಲಾಗುವುದಿಲ್ಲ.

ವಾಕ್ಯದ ಉದ್ದ ಎಣಿಸಿದರು. ‘ಕ’, ‘ಚ’, ಅಂಕಣಕಾರ ಮೂವರ ಪಠ್ಯಗಳೂ ಒಂದರ ಮೇಲೊಂದು ಬಿದ್ದವು. ಇದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಸಂವಿಧಾನದ ಪರವಾಗಿ ಗುಪ್ತನಾಮದಲ್ಲಿ ಬಂದ ಫೆಡರಲಿಸ್ಟ್ ಪ್ರಬಂಧಗಳಲ್ಲಿ, ಅವನ್ನು ಬರೆದವರ ಪೈಕಿ ಹ್ಯಾಮಿಲ್ಟನ್ ಮತ್ತು ಮ್ಯಾಡಿಸನ್ ಇಬ್ಬರ ಸರಾಸರಿ ವಾಕ್ಯವೂ 34.5 ಪದಗಳ ಆಸುಪಾಸಿನಲ್ಲೇ ಇತ್ತು. ಆ ಅಳತೆಯನ್ನು ನೆಚ್ಚಿಕೊಂಡಿದ್ದರೆ ಆ ಪ್ರಕರಣ ಅಲ್ಲೇ ನಿಂತುಬಿಡುತ್ತಿತ್ತು.

ಆಮೇಲೆ ಶಬ್ದಸಂಪತ್ತಿನ ಅಳತೆ: ಒಟ್ಟು ಪದಗಳಲ್ಲಿ ಬೇರೆಬೇರೆ ಪದಗಳ ಪಾಲು ಎಷ್ಟು ಎಂಬುದು. ಅಂಕಣಕಾರರ ಪಾಲು ‘ಕ’ ಅವರ ಪುಸ್ತಕಗಳಿಗಿಂತ ಬಹಳ ಮೇಲೆ ಬಂತು. ಪ್ರಕಾಶನದವರಲ್ಲಿ ಒಬ್ಬರು ‘ಅಂಕಣದಲ್ಲಿ ಕ ಇನ್ನೂ ಸಮೃದ್ಧವಾಗಿ ಬರೆದಿದ್ದಾರೆ’ ಎಂದು ಬೆನ್ನುಡಿಗೆ ಒಂದು ಸಾಲನ್ನೂ ಸಿದ್ಧಮಾಡಿಕೊಂಡರಂತೆ. ಪಠ್ಯ ಚಿಕ್ಕದಾದಷ್ಟೂ ಈ ಪಾಲು ತಾನಾಗಿ ಏರುತ್ತದೆ. ಉದ್ದವಾದಷ್ಟೂ ಅದೇ ಪದಗಳು ಮರಳಿ ಬಂದು ಇಳಿಯುತ್ತದೆ. ಆರುನೂರು ಪದದ ಕಂತನ್ನು ಅರವತ್ತು ಸಾವಿರ ಪದದ ಪುಸ್ತಕದ ಎದುರು ಇಟ್ಟರೆ ಗೆಲ್ಲುವುದು ಯಾವಾಗಲೂ ಕಂತೇ. ಸಮಾನ ಉದ್ದದ ತುಂಡುಗಳನ್ನು ತೆಗೆದುಕೊಂಡು ನೋಡಿದಾಗ ವ್ಯತ್ಯಾಸ ಮಾಯವಾಯಿತು. ಬೆನ್ನುಡಿಯ ಸಾಲೂ ಹೋಯಿತು.

ಸಣ್ಣ ಪದಗಳ ಕಡೆಗೆ

ಸಂಖ್ಯಾಶಾಸ್ತ್ರಜ್ಞರಾದ ಮೋಸ್ಟೆಲರ್ ಮತ್ತು ವಾಲೆಸ್ 1964ರಲ್ಲಿ ಪ್ರಕಟಿಸಿದ ಫೆಡರಲಿಸ್ಟ್ ಅಧ್ಯಯನ ಈ ಕ್ಷೇತ್ರದ ದಿಕ್ಕು ಬದಲಿಸಿತು. ಒಟ್ಟು 85 ಪ್ರಬಂಧಗಳಲ್ಲಿ 12ರ ಕರ್ತೃತ್ವ ವಿವಾದದಲ್ಲಿತ್ತು. ಅವರು ವಿಷಯದ ಪದಗಳನ್ನು ಬದಿಗಿಟ್ಟು, ಯಾರೂ ಲಕ್ಷ್ಯ ಕೊಡದ ಸಣ್ಣ ಪದಗಳನ್ನು ಎಣಿಸಿದರು. ‘ಅಪಾನ್’ ಎಂಬ ಒಂದು ಇಂಗ್ಲಿಷ್ ಪದವನ್ನು ಹ್ಯಾಮಿಲ್ಟನ್ ಸಾವಿರ ಪದಕ್ಕೆ ಸುಮಾರು ಮೂರು ಬಾರಿ ಬಳಸುತ್ತಿದ್ದರೆ ಮ್ಯಾಡಿಸನ್ ಬಳಸಿದ್ದು ತೀರಾ ವಿರಳ. ಯುದ್ಧದ ಬಗ್ಗೆ ಬರೆದರೂ ತೆರಿಗೆಯ ಬಗ್ಗೆ ಬರೆದರೂ ಇಂಥ ಪದಗಳ ಪ್ರಮಾಣ ಹೆಚ್ಚು ಕದಲುವುದಿಲ್ಲ; ಬರೆಯುವವರು ಅವುಗಳನ್ನು ಯೋಚಿಸಿ ಆರಿಸಿಕೊಳ್ಳುವುದೂ ಇಲ್ಲ.

ಕನ್ನಡದಲ್ಲಿ ಇಂಥ ಜೋಡಿಗಳಿಗೆ ಬರವಿಲ್ಲ. ನಂತರ, ಬಳಿಕ, ತರುವಾಯ; ವರೆಗೆ, ತನಕ; ಮತ್ತು, ಹಾಗೂ; ಆದರೂ, ಆದಾಗ್ಯೂ; ಎಂಬ, ಎನ್ನುವ. ಸಂಶೋಧಕಿ ಎಲ್ಲ ಪಠ್ಯಗಳಲ್ಲೂ ಅತಿ ಹೆಚ್ಚು ಸಲ ಬರುವ ನೂರೈವತ್ತು ಪದಗಳನ್ನು ತೆಗೆದು, ಜಾನ್ ಬರೋಸ್ 2002ರಲ್ಲಿ ಮುಂದಿಟ್ಟ ‘ಡೆಲ್ಟಾ’ ಅಳತೆಯನ್ನು ಹಾಕಿದರು. ಅದರ ಲೆಕ್ಕ ಕಷ್ಟದ್ದಲ್ಲ. ‘ಆದರೆ’ ಎಂಬ ಪದ ಎಲ್ಲ ಪಠ್ಯಗಳಲ್ಲಿ ಸರಾಸರಿ ಸಾವಿರಕ್ಕೆ 6 ಬಾರಿ ಬರುತ್ತದೆ, ಮಾನಕ ವಿಚಲನೆ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತದೆ ಎಂಬ ಅಳತೆ) 2 ಎಂದಿಟ್ಟುಕೊಳ್ಳಿ. ಒಂದು ಪಠ್ಯದಲ್ಲಿ 9 ಬಾರಿ ಬಂದರೆ ಅದು ಸರಾಸರಿಯಿಂದ 1.5 ವಿಚಲನೆ ಮೇಲೆ. ಇನ್ನೊಂದರಲ್ಲಿ 4 ಬಾರಿ ಬಂದರೆ 1 ವಿಚಲನೆ ಕೆಳಗೆ. ಆ ಪದದ ಮಟ್ಟಿಗೆ ಎರಡರ ಅಂತರ 2.5. ಹೀಗೆ ನೂರೈವತ್ತೂ ಪದಗಳ ಅಂತರದ ಸರಾಸರಿ ತೆಗೆದರೆ ಎರಡು ಪಠ್ಯಗಳ ನಡುವಿನ ದೂರ ಸಿಗುತ್ತದೆ. ದೂರ ಕಡಿಮೆಯಾದಷ್ಟೂ ಕೈ ಒಂದೇ ಇರುವ ಸಾಧ್ಯತೆ ಹೆಚ್ಚು.

ಆದರೆ ಇಂಗ್ಲಿಷಿನಲ್ಲಿ ಬಿಡಿಪದಗಳು ಮಾಡುವ ಕೆಲಸವನ್ನು ಕನ್ನಡದಲ್ಲಿ ಬಹುಪಾಲು ಪ್ರತ್ಯಯಗಳು ಮಾಡುತ್ತವೆ. ‘ಅವನೂ ಇವನೂ’ ಎಂದು ಬರೆಯುವವರು ‘ಮತ್ತು’ ಬಳಸುವುದಿಲ್ಲ, ಅವರ ಅಭ್ಯಾಸ ಪದದ ಬಾಲದಲ್ಲಿ ಅಡಗಿರುತ್ತದೆ. ಬರೀ ಬಿಡಿಪದ ಎಣಿಸಿದರೆ ಅದು ಕಾಣುವುದಿಲ್ಲ. ಆದ್ದರಿಂದ ಪದಗಳ ಜೊತೆಗೆ ಸಂಕೇತಗಳ ತ್ರಿಕಗಳನ್ನೂ, ಅಂದರೆ ಒಂದರ ಪಕ್ಕ ಒಂದು ಬರುವ ಮೂರು ಮೂರು ಸಂಕೇತಗಳ ಗುಂಪುಗಳನ್ನೂ ಎಣಿಸುವುದೆಂದು ತೀರ್ಮಾನವಾಯಿತು. ಪ್ರತ್ಯಯಗಳು ಈ ಬಲೆಗೆ ಬೀಳುತ್ತವೆ. ವ್ಯಾಕರಣದ ವಿಶ್ಲೇಷಣೆ ಮಾಡುವ ಯಂತ್ರ ಬೇಕಾಗುವುದಿಲ್ಲ. ತೀರ್ಮಾನ ಸರಿಯಾದದ್ದೇ. ತೊಂದರೆ ಬಂದದ್ದೂ ಅದೇ ದಾರಿಯಲ್ಲಿ.

ತೀರಾ ಚೆಂದದ ಫಲಿತಾಂಶ

ತ್ರಿಕಗಳ ಲೆಕ್ಕ ಮುಗಿದಾಗ ಪರದೆಯ ಮೇಲೆ ಬಂದ ಚಿತ್ರ ಬಹಳ ಸ್ವಚ್ಛವಾಗಿತ್ತು. ಒಂದು ಕಡೆ ‘ಕ’ ಅವರ ಎಲ್ಲ ಪ್ರಬಂಧಗಳೂ ಅಂಕಣದ ಎಲ್ಲ ಕಂತುಗಳೂ ಒತ್ತೊತ್ತಾಗಿ; ಇನ್ನೊಂದು ಕಡೆ ದೂರದಲ್ಲಿ ‘ಚ’. ನಡುವೆ ಒಂದೇ ಒಂದು ಬಿಂದು ಇರಲಿಲ್ಲ. ಸಂಪಾದಕರಿಗೆ ಸಂತೋಷವಾಯಿತು. ಪುಟ ಕಟ್ಟುವವರಿಗೆ ಹಸಿರು ನಿಶಾನೆ ತೋರಿಸುವುದಷ್ಟೇ ಬಾಕಿ.

ಸಂಶೋಧಕಿ ಅಲ್ಲಿ ತಡೆದರು. ಒಬ್ಬ ಲೇಖಕ ಇಪ್ಪತ್ತು ವರ್ಷಗಳಲ್ಲಿ ಬರೆದ ಪ್ರಬಂಧಗಳು ಪರಸ್ಪರ ಇಷ್ಟು ಹತ್ತಿರ ಬರುವುದೇ ಅನುಮಾನಕ್ಕೆ ಕಾರಣ ಎಂದರು. ಜನ ವಯಸ್ಸಾದಂತೆ ಬದಲಾಗುತ್ತಾರೆ, ವಿಷಯ ಬದಲಾದಂತೆ ಬದಲಾಗುತ್ತಾರೆ. ಚಿತ್ರದಲ್ಲಿ ಆ ಚದುರುವಿಕೆ ಇರಲೇಬೇಕಿತ್ತು. ‘ದೂರ ಎಷ್ಟು ಎಂದು ನೋಡಿದ್ದೇವೆ. ಯಾವುದರಿಂದ ದೂರ ಎಂದು ನೋಡಿಲ್ಲ’ ಎಂದು ಹೇಳಿ, ಎರಡು ಗುಂಪುಗಳನ್ನು ಬೇರ್ಪಡಿಸುವಲ್ಲಿ ಅತಿ ಹೆಚ್ಚು ತೂಕ ಪಡೆದ ತ್ರಿಕಗಳ ಪಟ್ಟಿ ತೆಗೆದರು. ಈ ಇಡೀ ಪ್ರಕರಣದಲ್ಲಿ ಯಾವುದಾದರೂ ಒಂದು ನಿರ್ಧಾರವನ್ನು ಎತ್ತಿ ಹೇಳಬೇಕಾದರೆ ನಾನು ಇದನ್ನೇ ಹೇಳುತ್ತೇನೆ.

ಪಟ್ಟಿಯ ಮೇಲ್ತುದಿಯಲ್ಲಿ ಇದ್ದದ್ದೆಲ್ಲ ‘ಎಂದ’, ‘ಇಂದ’, ‘ಒಂದ’ ಇಂಥವು. ‘ಕ’ ಅವರ ಗುಂಪಿನಲ್ಲಿ ಅವು ತುಂಬಿ ತುಳುಕುತ್ತಿದ್ದರೆ ‘ಚ’ ಅವರಲ್ಲಿ ಸೊನ್ನೆ. ‘ಎಂದು’ ಎಂಬ ಪದವನ್ನೇ ಬಳಸದೆ ಕನ್ನಡದಲ್ಲಿ ಒಂದು ಪುಸ್ತಕ ಬರೆಯಲು ಸಾಧ್ಯವೇ? ‘ಚ’ ಅವರ ಕಡತ ತೆರೆದು ನೋಡಿದರೆ ‘ಎಂದು’ ಎಲ್ಲೆಲ್ಲೂ ಇದೆ. ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ‘ಚ’ ಅವರ ಪುಸ್ತಕವನ್ನು ಟೈಪ್ ಮಾಡಿದವರು ಅನುಸ್ವಾರದ ಜಾಗದಲ್ಲೆಲ್ಲ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತಿದ್ದರು. ಎಂದು, ಎ೦ದು. ಯೂನಿಕೋಡಿನಲ್ಲಿ ಇವೆರಡೂ ಬೇರೆಬೇರೆ ಸಂಕೇತ. ಕಣ್ಣಿಗೆ ಭೇದವಿಲ್ಲ, ಯಂತ್ರಕ್ಕೆ ಅಜಗಜಾಂತರ. ಶಾಲೆಯಲ್ಲಿ ಎರಡನ್ನೂ ಸೊನ್ನೆ ಎಂದೇ ಕರೆದು ಬೆಳೆದವರಿಗೆ ಬೆರಳು ಎಲ್ಲಿಗೆ ಹೋದರೂ ತಪ್ಪೆನಿಸುವುದಿಲ್ಲ.

‘ಕ’ ಅವರ ಬರಹಗಳನ್ನೂ ಅಂಕಣವನ್ನೂ ಡಿಟಿಪಿ ಮಾಡಿದವರು ಒಬ್ಬರೇ ಎಂಬುದು ಆಗ ಹೊರಬಿತ್ತು. ಎರಡೂ ಅದೇ ಸಂಪುಟದ ಕೆಲಸವಾಗಿದ್ದರಿಂದ ಅದು ಸಹಜವೇ. ‘ಚ’ ಅವರ ಸಂಕಲನ ಬೇರೆ ಕಡೆ ಟೈಪ್ ಆಗಿತ್ತು. ಎಣಿಕೆ ನಿಖರವಾಗಿಯೇ ಕೆಲಸ ಮಾಡಿತ್ತು. ಅದು ಲೇಖಕರ ಬದಲು ಟೈಪ್ ಮಾಡಿದವರನ್ನು ಪತ್ತೆ ಹಚ್ಚಿತ್ತು.

ಸೊನ್ನೆ ಸಿಕ್ಕಿದ ಮೇಲೆ ಉಳಿದವೂ ಒಂದೊಂದಾಗಿ ಸಿಕ್ಕವು. ‘ಬಸ್‌ನಲ್ಲಿ’ ಎಂಬಂಥ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಹಾಕುವ ಕಣ್ಣಿಗೆ ಕಾಣದ ಸಂಕೇತ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ‘ೋ’ ಎಂಬ ಸ್ವರಚಿಹ್ನೆ ಒಂದರಲ್ಲಿ ಇಡಿಯಾಗಿ, ಇನ್ನೊಂದರಲ್ಲಿ ಮೂರು ತುಂಡಾಗಿ ಕೂತಿದೆ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಪರಿವರ್ತಿಸುವಾಗ ಕೆಲವು ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಜಾರಿವೆ. ಇವನ್ನೆಲ್ಲ ಏಕರೂಪಕ್ಕೆ ತರುವ ಸಣ್ಣ ಕಾರ್ಯಕ್ರಮವೊಂದನ್ನು ಸಂಶೋಧಕಿ ಬರೆದರು. ಮೂಲ ಕಡತಗಳನ್ನು ಮುಟ್ಟಲಿಲ್ಲ. ಶುದ್ಧಗೊಳಿಸಿದ ಪ್ರತಿಗಳನ್ನು ಬೇರೆಯಾಗಿ ಇಟ್ಟು, ಯಾವ ಬದಲಾವಣೆ ಎಲ್ಲೆಲ್ಲಿ ಆಯಿತು ಎಂಬ ಪಟ್ಟಿಯನ್ನೂ ಜೊತೆಗಿಟ್ಟರು.

ಮತ್ತೆ ಲೆಕ್ಕ ಹಾಕಿದಾಗ ಆ ಚೆಂದದ ಚಿತ್ರ ಕಲಸಿಹೋಯಿತು. ಅಂಕಣದ ಕಂತುಗಳು ‘ಕ’ ಮತ್ತು ‘ಚ’ ಇಬ್ಬರ ನಡುವೆ ಚೆಲ್ಲಾಪಿಲ್ಲಿಯಾಗಿ ಬಿದ್ದವು. ಸಂಪಾದಕರು ‘ಇದಕ್ಕಿಂತ ಮೊದಲಿನದೇ ಚೆನ್ನಾಗಿತ್ತಲ್ಲ’ ಎಂದರು. ಅರ್ಧ ತಮಾಷೆಗೆ.

ಗೊತ್ತಿರುವುದನ್ನು ಗೊತ್ತಿಲ್ಲದಂತೆ

ಯಾವುದೇ ಅಳತೆಗೋಲನ್ನು ಅಪರಿಚಿತ ಪಠ್ಯದ ಮೇಲೆ ಹಾಕುವ ಮೊದಲು ಪರಿಚಿತ ಪಠ್ಯದ ಮೇಲೆ ಹಾಕಿ ನೋಡಬೇಕು. ಸಂಶೋಧಕಿ ‘ಕ’, ‘ಚ’ ಮತ್ತು ಅದೇ ಕಾಲದ ಇನ್ನೂ ಹತ್ತಾರು ಪ್ರಬಂಧಕಾರರ ಸಹಿಯಿರುವ ಬರಹಗಳನ್ನು ಕಲೆಹಾಕಿ, ಸಹಿಯನ್ನು ಮರೆಮಾಡಿ ಯಂತ್ರದ ಮುಂದಿಟ್ಟರು. ಆರುನೂರು ಪದದ ತುಂಡುಗಳಲ್ಲಿ ಯಂತ್ರ ಬೇಕಾಬಿಟ್ಟಿ ಉತ್ತರ ಕೊಟ್ಟಿತು. ತುಂಡನ್ನು ಹಿಗ್ಗಿಸುತ್ತ ಹೋದಂತೆ ಸುಧಾರಿಸಿ, ಐದು ಸಾವಿರ ಪದಗಳ ಹೊತ್ತಿಗೆ ನೆಚ್ಚಬಹುದಾದ ಮಟ್ಟಕ್ಕೆ ಬಂತು. ಮಾಚೆ ಎಡರ್ 2015ರಲ್ಲಿ ಹಲವು ಭಾಷೆಗಳ ಗದ್ಯದ ಮೇಲೆ ಮಾಡಿದ ಪರೀಕ್ಷೆಗಳಲ್ಲೂ ಸುರಕ್ಷಿತ ಗಾತ್ರ ಸುಮಾರು ಅಷ್ಟೇ ಬಂದಿತ್ತು.

ಇದರ ಪರಿಣಾಮ ನೇರವಾದದ್ದು. ಬಿಡಿ ಕಂತಿನ ಬಗ್ಗೆ ಏನನ್ನೂ ಹೇಳುವಂತಿಲ್ಲ. ಎಂಟು ಕಂತುಗಳನ್ನು ಒಟ್ಟು ಮಾಡಿದರೆ ಮಾತ್ರ ಐದು ಸಾವಿರ ಪದ. ಹಾಗೆ ಒಟ್ಟು ಮಾಡುವುದೆಂದರೆ ಆ ಎಂಟೂ ಒಬ್ಬರವೇ ಎಂದು ಮೊದಲೇ ಒಪ್ಪಿಕೊಂಡಂತೆ. ಮೊದಲ ದಿನ ಪ್ರಶ್ನೆಯೊಳಗೆ ಅಡಗಿದ್ದ ಊಹೆ ಈಗ ಎದುರಿಗೆ ಬಂದು ನಿಂತಿತು.

ಕೆಂಪು ಶಾಯಿ

ಸಂಶೋಧಕಿ ಕಂತುಗಳನ್ನು ಪ್ರಕಟಣೆಯ ಕ್ರಮದಲ್ಲಿ ಇಟ್ಟು, ಎಂಟರ ಒಂದು ಚೌಕಟ್ಟನ್ನು ಒಂದೊಂದೇ ಕಂತು ಮುಂದೆ ಸರಿಸುತ್ತ ಅಳೆದರು. ಮೊದಲ ಐವತ್ತರ ಆಸುಪಾಸಿನವರೆಗೆ ಚೌಕಟ್ಟು ‘ಕ’ ಅವರಿಗೆ ಸ್ಪಷ್ಟವಾಗಿ ಹತ್ತಿರ. ಅಲ್ಲಿಂದ ಮುಂದೆ ದೂರ ಸರಿದು ‘ಚ’ ಅವರ ಕಡೆಗೆ ವಾಲಿತು. ಎರಡನೆಯ ಭಾಗದಲ್ಲಿ ‘ನಂತರ’ ಬಹುತೇಕ ಮಾಯವಾಗಿ ‘ತರುವಾಯ’ ಬಂದಿತ್ತು. ‘ಚ’ ಅವರ ಸಂಕಲನದಲ್ಲೂ ‘ತರುವಾಯ’ವೇ. ‘ಚ’ ಅವರ ಮನೆಯವರಿಗೆ ಈ ಸುದ್ದಿ ಹೇಗೋ ತಲುಪಿ, ಅವರು ಧನ್ಯವಾದದ ಪತ್ರವನ್ನೂ ಬರೆದುಬಿಟ್ಟರು.

ಪರಿಶೀಲನೆಯ ಸಭೆಯಲ್ಲಿ ನಾನು ಎತ್ತಿದ ಆಕ್ಷೇಪ ಒಂದೇ. ‘ಚ’ ಅಲ್ಲಿ ಬರೀ ಲೇಖಕರಾಗಿರಲಿಲ್ಲ, ಸಹಾಯಕ ಸಂಪಾದಕರಾಗಿದ್ದರು. ಅಚ್ಚಿಗೆ ಹೋಗುವ ಪ್ರತಿ ಹಾಳೆಯ ಮೇಲೂ ಅವರ ಕೆಂಪು ಶಾಯಿ ಓಡಾಡಿರುತ್ತದೆ. ‘ತರುವಾಯ’ ಎಂಬುದು ಅವರು ಬರೆದದ್ದೋ, ಇನ್ನೊಬ್ಬರ ‘ನಂತರ’ವನ್ನು ಅವರು ತಿದ್ದಿದ್ದೋ?

ಇದನ್ನು ಬಗೆಹರಿಸಲು ಸಂಶೋಧಕಿ ಕಂಡುಕೊಂಡ ದಾರಿ ನನಗೆ ಹೊಳೆದಿರಲಿಲ್ಲ. ಅದೇ ವರ್ಷಗಳಲ್ಲಿ ಆ ಪತ್ರಿಕೆಗೆ ಬರೆದು, ಮುಂದೆ ಅದೇ ಪ್ರಬಂಧಗಳನ್ನು ತಮ್ಮ ಹಸ್ತಪ್ರತಿಯಿಂದಲೇ ಪುಸ್ತಕವಾಗಿ ತಂದ ಬೇರೆ ಲೇಖಕರನ್ನು ಅವರು ಹುಡುಕಿದರು. ಒಂದೇ ಪ್ರಬಂಧದ ಎರಡು ಪಾಠಗಳನ್ನು ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿದರು. ಪುಸ್ತಕದಲ್ಲಿ ‘ನಂತರ’, ಪತ್ರಿಕೆಯಲ್ಲಿ ‘ತರುವಾಯ’. ಪುಸ್ತಕದಲ್ಲಿ ‘ತನಕ’, ಪತ್ರಿಕೆಯಲ್ಲಿ ‘ವರೆಗೆ’. ಅದೂ ಒಂದು ನಿರ್ದಿಷ್ಟ ಕಾಲದಿಂದ ಮುಂದೆ ಮಾತ್ರ. ಅದಕ್ಕೂ ಮೊದಲು ತಿದ್ದುವ ಕೈ ಅಷ್ಟು ಬಿಗಿಯಾಗಿರಲಿಲ್ಲ. ಆಗ ಸಂಪಾದಕೀಯ ಕೋಣೆಯಲ್ಲಿ ಏನೋ ಬದಲಾಗಿತ್ತು, ಮತ್ತು ಆ ಬದಲಾವಣೆ ಎಲ್ಲ ಲೇಖಕರನ್ನೂ ಸ್ವಲ್ಪ ಸ್ವಲ್ಪ ‘ಚ’ ಮಾಡಿತ್ತು.

ಈಗ ಎರಡು ಪಟ್ಟಿಗಳಾದವು. ಪತ್ರಿಕೆಯ ಸಂಪಾದಕರು ಮುಟ್ಟುವ ಪದಗಳು ಒಂದರಲ್ಲಿ. ಅವರು ಮುಟ್ಟದೆ ಬಿಡುವವು ಇನ್ನೊಂದರಲ್ಲಿ. ಎರಡನೆಯ ಪಟ್ಟಿಯಲ್ಲಿ ಇದ್ದವು ಹೆಚ್ಚಾಗಿ ಪದದ ಬಾಲಗಳು: ‘ಅವನೇ’, ‘ಅದೇ’ ಎಂಬಲ್ಲಿನ ಒತ್ತಿ ಹೇಳುವ ಏ, ‘ಅವನೂ ಇವನೂ’ ಎಂಬಲ್ಲಿನ ಊ, ‘ಅಲ್ಲವೇ’ ಎಂದು ಓದುಗರನ್ನು ಕೇಳುವ ಅಭ್ಯಾಸ, ‘ಕೂಡ’, ‘ಅಷ್ಟೆ’. ಇವನ್ನು ತಿದ್ದಲು ಹೋದರೆ ವಾಕ್ಯವನ್ನೇ ಬಿಚ್ಚಿ ಕಟ್ಟಬೇಕು. ಗಡುವಿನ ಒತ್ತಡದಲ್ಲಿರುವ ಸಂಪಾದಕರಿಗೆ ಅಷ್ಟು ಪುರುಸೊತ್ತು ಎಲ್ಲಿ? ಮೊದಲ ಪಟ್ಟಿಯನ್ನು ಪೂರ್ತಿ ಕೈಬಿಟ್ಟು, ಎರಡನೆಯದರಿಂದಲೇ ಲೆಕ್ಕ ಮಾಡುವುದೆಂದಾಯಿತು. ಸಾಕ್ಷ್ಯದ ಅರ್ಧವನ್ನು, ಅದೂ ಕಣ್ಣಿಗೆ ಹೊಡೆಯುವ ಅರ್ಧವನ್ನು, ಹೀಗೆ ಎಸೆಯುವುದಕ್ಕೆ ಧೈರ್ಯ ಬೇಕು.

ಮೊದಲ ಐವತ್ತು ಕಂತುಗಳು ಹೊಸ ಲೆಕ್ಕದಲ್ಲೂ ‘ಕ’ ಅವರ ಹತ್ತಿರವೇ ನಿಂತವು. ಎರಡನೆಯ ಭಾಗ ‘ಕ’ ಅವರಿಂದ ದೂರವೇ ಉಳಿಯಿತು, ಆದರೆ ‘ಚ’ ಅವರ ಕಡೆಗಿನ ವಾಲಿಕೆ ಕರಗಿತು. ಇಬ್ಬರಲ್ಲಿ ಯಾರು ಹತ್ತಿರ ಎಂದು ಕೇಳಿದರೆ ಯಾವ ಯಂತ್ರವೂ ಒಬ್ಬರ ಹೆಸರು ಹೇಳಲೇಬೇಕು. ಇಬ್ಬರೂ ಅಲ್ಲದಿರಬಹುದು ಎಂಬ ಉತ್ತರಕ್ಕೆ ಅಲ್ಲಿ ಜಾಗವೇ ಇಲ್ಲ. ಅದಕ್ಕಾಗಿ ಕೊಪ್ಪೆಲ್ ಮತ್ತು ವಿಂಟರ್ 2014ರಲ್ಲಿ ವಿವರಿಸಿದ ‘ಸೋಗುಗಾರರ’ ವಿಧಾನವನ್ನು ಬಳಸಲಾಯಿತು. ಪ್ರಕರಣಕ್ಕೆ ಸಂಬಂಧವೇ ಇಲ್ಲದ ಸಮಕಾಲೀನರನ್ನು ಅಭ್ಯರ್ಥಿಗಳ ಜೊತೆ ನಿಲ್ಲಿಸಿ, ಪ್ರತಿ ಸಲವೂ ಲಕ್ಷಣಗಳಲ್ಲಿ ಕೆಲವನ್ನು ಮಾತ್ರ ಚೀಟಿ ಎತ್ತಿದಂತೆ ಆರಿಸಿ ಮತ್ತೆ ಮತ್ತೆ ಹೋಲಿಸುವುದು ಅದರ ರೀತಿ. ನಿಜವಾದ ಕರ್ತೃವಾದರೆ ಸೋಗುಗಾರರನ್ನು ಹೆಚ್ಚುಕಡಿಮೆ ಪ್ರತಿ ಸುತ್ತಿನಲ್ಲೂ ಹಿಂದೆ ಹಾಕಬೇಕು. ಮೊದಲ ಭಾಗದಲ್ಲಿ ‘ಕ’ ಹಾಗೆ ಗೆದ್ದರು. ಎರಡನೆಯ ಭಾಗದಲ್ಲಿ ‘ಚ’ ಕೆಲವು ಸುತ್ತುಗಳಲ್ಲಿ ಗೆದ್ದು ಕೆಲವದರಲ್ಲಿ, ಆ ಅಂಕಣದ ಹೆಸರನ್ನೂ ಕೇಳಿರಲಾರದ ಲೇಖಕರ ಎದುರು ಸೋತರು.

ಮುಚ್ಚಿದ ಲಕೋಟೆ

ಈ ಹಂತದಲ್ಲಿ ಒಂದು ಅದೃಷ್ಟ ಒದಗಿತು. ಪತ್ರಿಕೆ ಲೇಖಕರಿಗೆ ಕೊಡುತ್ತಿದ್ದ ಸಂಭಾವನೆಯ ಲೆಕ್ಕಪುಸ್ತಕಗಳು ಒಬ್ಬರ ಮನೆಯಲ್ಲಿವೆ ಎಂದು ತಿಳಿದುಬಂತು. ಸಂಪಾದಕರು ತಕ್ಷಣ ಹೋಗಿ ನೋಡೋಣ ಎಂದರು. ಸಂಶೋಧಕಿ ಒಪ್ಪಲಿಲ್ಲ. ಎಣಿಕೆ ಏನು ಹೇಳುತ್ತದೆ, ಎಷ್ಟು ಖಚಿತವಾಗಿ ಹೇಳುತ್ತದೆ, ಎಲ್ಲಿ ಹೇಳಲಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ, ಲಕೋಟೆಯಲ್ಲಿಟ್ಟು ಮುಚ್ಚಿ ಸಂಪಾದಕರ ಕೈಗೆ ಕೊಟ್ಟ ಮೇಲೆಯೇ ಲೆಕ್ಕಪುಸ್ತಕ ತೆರೆಯಬೇಕೆಂದರು. ಇದು ನಾಟಕೀಯವಾಗಿ ಕಂಡೀತು. ಆದರೆ ಉತ್ತರ ಗೊತ್ತಾದ ಮೇಲೆ ನೂರಾರು ಲಕ್ಷಣಗಳಲ್ಲಿ ಆ ಉತ್ತರಕ್ಕೆ ಹೊಂದುವ ನಾಲ್ಕನ್ನು ಹೆಕ್ಕುವುದು ಯಾರಿಗೂ ಕಷ್ಟವಲ್ಲ, ಹೆಕ್ಕುತ್ತಿದ್ದೇವೆ ಎಂಬ ಅರಿವೂ ಆಗುವುದಿಲ್ಲ. ಈ ಕ್ಷೇತ್ರ ಅಂಥ ಪೆಟ್ಟುಗಳನ್ನು ತಿಂದಿದೆ. ಶೋಕಗೀತೆಯೊಂದು ಶೇಕ್ಸ್‌ಪಿಯರನದು ಎಂದು ಎಣಿಕೆಗಳ ಬಲದಿಂದಲೂ ವಾದಿಸಿದ್ದ ಡೊನಾಲ್ಡ್ ಫಾಸ್ಟರ್ 2002ರಲ್ಲಿ ಆ ವಾದವನ್ನು ಹಿಂತೆಗೆದುಕೊಂಡರು; ಕವಿತೆ ಜಾನ್ ಫೋರ್ಡ್ ಎಂಬ ಇನ್ನೊಬ್ಬ ನಾಟಕಕಾರನ ಹೆಸರಿಗೆ ಹೋಯಿತು.

ಲೆಕ್ಕಪುಸ್ತಕದಲ್ಲಿ ಅಂಕಣದ ಮೊದಲ ವರ್ಷಗಳ ಸಂಭಾವನೆ ‘ಕ’ ಅವರ ಹೆಸರಿಗೆ ತಿಂಗಳು ತಪ್ಪದೆ ಸಂದಾಯವಾಗಿತ್ತು. ಕೊನೆಯ ವರ್ಷಗಳಲ್ಲಿ ಅದೇ ಅಂಕಣದ ಎದುರು ಯಾರ ಹೆಸರೂ ಇಲ್ಲ, ಹಣವೂ ಇಲ್ಲ. ‘ಕಚೇರಿ’ ಎಂಬ ಒಂದೇ ಪದ ಇದೆ. ಅಂದರೆ ಕಚೇರಿಯೊಳಗಿನವರೇ ಬರೆದರು. ಒಬ್ಬರೋ, ಸರದಿಯ ಮೇಲೆ ಹಲವರೋ? ಸೋಗುಗಾರರ ವಿಧಾನದಲ್ಲಿ ‘ಚ’ ಅರ್ಧ ಗೆದ್ದು ಅರ್ಧ ಸೋತದ್ದಕ್ಕೆ ಹಲವರು ಎಂಬ ಉತ್ತರ ಚೆನ್ನಾಗಿ ಹೊಂದುತ್ತದೆ. ಹೊಂದುವುದು ಬೇರೆ, ಸಾಬೀತಾಗುವುದು ಬೇರೆ. ಹೆಸರು ಬದಲಾದ ನಡುವಿನ ವರ್ಷದ ಪುಸ್ತಕ ಮಾತ್ರ ಕಟ್ಟಿನಲ್ಲಿ ಇರಲಿಲ್ಲ.

ಲಕೋಟೆಯ ಹಾಳೆ ಲೆಕ್ಕಪುಸ್ತಕದೊಂದಿಗೆ ತಾಳೆಯಾಯಿತು. ಅದರ ಕೊನೆಯ ಸಾಲಿನಲ್ಲಿ ‘ಎರಡನೆಯ ಭಾಗಕ್ಕೆ ಹೆಸರು ಸೂಚಿಸಲಾರೆ’ ಎಂದಿತ್ತು. ನನಗೆ ಇಡೀ ಹಾಳೆಯಲ್ಲಿ ಹೆಚ್ಚು ಬೆಲೆಯುಳ್ಳ ಸಾಲು ಅದೇ ಎನಿಸಿತು. ಸಂಪಾದಕರಿಗೆ ಹಾಗೆ ಅನಿಸಲಿಲ್ಲ. ಅವರಿಗೆ ಪುಸ್ತಕದ ಮುಖಪುಟ ಆಗಬೇಕಿತ್ತು.

ಅಚ್ಚಿಗೆ ಹೋದದ್ದು

ಸಾಕಷ್ಟು ಮಾತುಕತೆಯ ಮೇಲೆ ಸಂಪುಟ ಹೀಗೆ ಬಂತು. ಮೊದಲ ಭಾಗದ ಕಂತುಗಳು ‘ಕ’ ಅವರ ಬರಹಗಳಾಗಿ ಮುಖ್ಯ ಪಠ್ಯದಲ್ಲಿ. ಎರಡನೆಯ ಭಾಗ ಅನುಬಂಧದಲ್ಲಿ, ಗುಪ್ತನಾಮದ ಹೆಸರಿನಲ್ಲೇ, ಕರ್ತೃ ನಿರ್ಧಾರವಾಗಿಲ್ಲ ಎಂಬ ಟಿಪ್ಪಣಿಯೊಂದಿಗೆ. ‘ಚ’ ಅವರ ಮನೆಯವರಿಗೆ ನಿರಾಸೆಯಾಯಿತು. ಅವರ ಮಗಳು ಸಂಶೋಧಕಿಯನ್ನು ಕಂಡು, ‘ನಮ್ಮ ತಂದೆಯವರು ರಾತ್ರಿ ಕೂತು ಬರೆಯುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನಮ್ಮ’ ಎಂದರು. ಅದು ಸುಳ್ಳಲ್ಲ ಎಂದು ಸಂಶೋಧಕಿಗೂ ಗೊತ್ತು. ಕಚೇರಿಯವರು ಬರೆದಿದ್ದರೆ ಅದರಲ್ಲಿ ‘ಚ’ ಅವರ ಪಾಲು ಖಂಡಿತ ಇದ್ದೀತು. ಬರೆಯದಿದ್ದರೂ ರಾತ್ರಿ ಕೂತು ಇತರರ ಬರಹಗಳನ್ನು ತಿದ್ದುತ್ತಿದ್ದಿರಬಹುದು. ಕಂಡದ್ದು ನಿಜ, ಕಂಡದ್ದು ಯಾವ ಕೆಲಸ ಎಂಬುದು ಎಣಿಕೆಯ ಕೈಗೆ ಸಿಗುವುದಿಲ್ಲ. ಆ ಮಾತನ್ನು ಮನೆಯವರ ಹೇಳಿಕೆ ಎಂದು ಟಿಪ್ಪಣಿಯಲ್ಲಿ ಸೇರಿಸಲಾಯಿತು. ಲೆಕ್ಕಗಳ ಜೊತೆ ಬೆರೆಸಲಿಲ್ಲ.

ಇಂಥ ಕೆಲಸಕ್ಕೆ ಇಳಿಯುವವರಿಗೆ ಇಲ್ಲಿಂದ ಎತ್ತಿಕೊಳ್ಳಬಹುದಾದದ್ದು ಯಾವ ಸೂತ್ರವೂ ಅಲ್ಲ. ಡೆಲ್ಟಾ ಹಾಕಿಕೊಡುವ ಉಚಿತ ತಂತ್ರಾಂಶಗಳು ಬೇಕಾದಷ್ಟಿವೆ. ಅಚ್ಚಾದ ಪುಟ ಒಂದು ಕೈಯಿಂದ ಬರುವುದಿಲ್ಲ. ಬರೆದವರು, ತಿದ್ದಿದವರು, ಮೊಳೆ ಜೋಡಿಸಿದವರು, ದಶಕಗಳ ಮೇಲೆ ಟೈಪ್ ಮಾಡಿದವರು, ಫಾಂಟ್ ಬದಲಿಸಿದ ಯಂತ್ರ, ಎಲ್ಲರ ಅಭ್ಯಾಸವೂ ಅದರಲ್ಲಿ ಪದರ ಪದರವಾಗಿ ಕೂತಿರುತ್ತದೆ. ಈ ಪ್ರಕರಣದಲ್ಲಿ ಹೆಚ್ಚು ಕಾಲ ಹಿಡಿದದ್ದು ಆ ಪದರಗಳನ್ನು ಒಂದೊಂದಾಗಿ ಕಳೆಯುವುದಕ್ಕೆ. ಕರ್ತೃತ್ವದ ಲೆಕ್ಕ ಓಡಿದ್ದು ಕೆಲವೇ ನಿಮಿಷ. ವರದಿಯ ಜೊತೆ ಮೂಲ ಕಡತ, ಶುದ್ಧಗೊಳಿಸಿದ ಕಡತ, ಕೈಬಿಟ್ಟ ಲಕ್ಷಣಗಳ ಪಟ್ಟಿ ಮೂರನ್ನೂ ಪ್ರಕಾಶನಕ್ಕೆ ಒಪ್ಪಿಸಲಾಗಿದೆ. ಬೇರೆಯವರು ಬೇರೆ ದಾರಿಯಲ್ಲಿ ಎಣಿಸಿ ನೋಡಲು ಅಡ್ಡಿಯಿಲ್ಲ.

ಒಂದು ತೊಡಕು ಮಾತ್ರ ಹಾಗೆಯೇ ಉಳಿದಿದೆ. ಎಂಟು ಕಂತುಗಳ ಚೌಕಟ್ಟು ಸರಿಯುವಾಗ ಎರಡು ಕೈಗಳ ಗಡಿ ಒಂದು ಗೆರೆಯಾಗಿ ಕಾಣುವುದಿಲ್ಲ, ಏಳೆಂಟು ಕಂತುಗಳಷ್ಟು ಅಗಲಕ್ಕೆ ಹರಡಿಕೊಳ್ಳುತ್ತದೆ. ಆ ಕಂತುಗಳು ಯಾವ ಭಾಗಕ್ಕೆ ಸೇರಿದವು ಎಂದು ಎಣಿಕೆ ಹೇಳಲಾರದು, ಆ ವರ್ಷದ ಲೆಕ್ಕಪುಸ್ತಕವೂ ಇಲ್ಲ. ಅವನ್ನು ಅನುಬಂಧಕ್ಕೆ ಹಾಕಲಾಯಿತು. ‘ಕ’ ಅವರ ವಿನೋದಕ್ಕೆ ಉದಾಹರಣೆಯಾಗಿ ವಿಮರ್ಶಕರು ಮತ್ತೆ ಮತ್ತೆ ಎತ್ತಿ ಹೇಳುವ, ಪಠ್ಯಪುಸ್ತಕದಲ್ಲೂ ಅವರ ಹೆಸರಿನಲ್ಲೇ ಸೇರಿದ ಬರಹ ಆ ಏಳೆಂಟರಲ್ಲಿ ಒಂದು.